ರೆಕ್ಕೆ ನೋಡಿ ಮೋಸ ಹೋದೆ

ಚಿಟ್ಟೆಗಳನ್ನು ಗುರುತಿಸಲು ಶುರು ಮಾಡಿದಾಗ ನಾನು ರೆಕ್ಕೆಯ ಬಣ್ಣ ಮಾತ್ರ ನೋಡುತ್ತಿದ್ದೆ. ಕೈತೋಟಕ್ಕೆ ದಿನಾ ಒಂದು ಕಪ್ಪು ಚಿಟ್ಟೆ ಬರುತ್ತಿತ್ತು. ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು ಚುಕ್ಕಿ, ಕೆಳಗೆ ಪುಟ್ಟ ಬಾಲ. ಚಿತ್ರದ ಜೊತೆ ಹೋಲಿಸಿ ‘ಕಾಮನ್ ರೋಸ್’ ಎಂದು ಬರೆದುಕೊಂಡೆ.

ಒಂದು ಬೆಳಿಗ್ಗೆ ಅದೇ ಚಿಟ್ಟೆ ನಿಂಬೆ ಗಿಡದ ಚಿಗುರಿನ ಮೇಲೆ ಕೂತಿತು. ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಇಟ್ಟು ಹಾರಿಹೋಯಿತು. ಸಾಸಿವೆಗಿಂತ ಚಿಕ್ಕದು, ತಿಳಿ ಹಳದಿ. ಅಲ್ಲೇ ನನಗೆ ಅನುಮಾನ ಬಂತು. ಕಾಮನ್ ರೋಸ್ ಮೊಟ್ಟೆ ಇಡುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಜಾತಿಗಳ ಮೇಲೆ. ಅದಕ್ಕೆ ನಿಂಬೆ ಗಿಡದಲ್ಲಿ ಏನು ಕೆಲಸ?

ಮಾರನೇ ದಿನ ರೆಕ್ಕೆ ಬಿಟ್ಟು ಮೈ ನೋಡಿದೆ. ಪೂರ್ತಿ ಕಪ್ಪು! ರೋಸ್ ಚಿಟ್ಟೆಯ ಮೈಯಲ್ಲಿ ಕೆಂಪು ಎದ್ದು ಕಾಣುತ್ತದೆ. ಇದು ಬೇರೆಯೇ ಜಾತಿಯ ಚಿಟ್ಟೆ, ಕಾಮನ್ ಮಾರ್ಮನ್‌ನ ಹೆಣ್ಣು. ರೋಸ್ ಮೈಯಲ್ಲಿ ಈಶ್ವರಿ ಬಳ್ಳಿಯ ವಿಷ ಇರುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಮಾರ್ಮನ್‌ಗೆ ಆ ವಿಷ ಇಲ್ಲ, ವೇಷ ಮಾತ್ರ ಇದೆ. ಅದೂ ಎಲ್ಲ ಹೆಣ್ಣುಗಳಿಗಲ್ಲ, ಕೆಲವು ಗಂಡಿನ ಹಾಗೆಯೇ ಇರುತ್ತವೆ.

ಆ ಮೊಟ್ಟೆಯನ್ನು ದಿನಾ ನೋಡುತ್ತಿದ್ದೆ. ಹೊರಬಂದ ಮರಿಹುಳು ಥೇಟ್ ಹಕ್ಕಿ ಹಿಕ್ಕೆ. ಪೊರೆ ಬಿಡುತ್ತಾ ಬಿಡುತ್ತಾ ಕೊನೆಗೆ ಎಲೆ ಹಸಿರಾಯಿತು. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಬರುತ್ತಿತ್ತು, ಜೊತೆಗೆ ಘಾಟು ವಾಸನೆ. ಒಂದು ಸಲ ನೋಡಿದ ಮೇಲೆ ಮತ್ತೆ ಮುಟ್ಟಲಿಲ್ಲ. ಪಾಪ, ಸುಮ್ನೆ ಹೆದರಿಸುವುದು ಬೇಡ ಅಲ್ವಾ?

ಅದು ಕೋಶ ಕಟ್ಟಿದ ಮೇಲೆ ಕಾಯುವುದೇ ಕೆಲಸ. ಆಗ ತೋಟದ ಉಳಿದ ಹುಳುಗಳ ಮೈಯನ್ನೂ ನೋಡತೊಡಗಿದೆ. ಜೇನುನೊಣ ಅಂದುಕೊಂಡಿದ್ದರಲ್ಲಿ ಒಂದಕ್ಕೆ ಎರಡೇ ರೆಕ್ಕೆ, ಗಿಡ್ಡ ಮೀಸೆ, ತಲೆ ತುಂಬಾ ಕಣ್ಣು. ಜೇನುನೊಣಕ್ಕೆ ನಾಲ್ಕು ರೆಕ್ಕೆ. ಇದು ಹೂವಿನ ನೊಣ, ಕುಟುಕುವುದೇ ಇಲ್ಲ. ಗಿಡಹೇನುಗಳ ನಡುವೆ ಓಡಾಡುವ, ಪುಟಾಣಿ ಮೊಸಳೆಯಂಥ ಕಪ್ಪು ಹುಳುಗಳನ್ನು ಹಿಂದೆ ನಾನು ಹೊಸಕಿ ಹಾಕುತ್ತಿದ್ದೆ. ಅವು ಗುಲಗಂಜಿ ಹುಳುವಿನ ಮರಿಗಳು. ಹೇನುಗಳನ್ನು ತಿನ್ನಲೆಂದೇ ಅಲ್ಲಿದ್ದವು. ಅದು ಗೊತ್ತಾದಾಗ ತುಂಬಾ ಬೇಜಾರಾಯಿತು.

ಈಗ ನೋಟ್‌ಬುಕ್ಕಿನಲ್ಲಿ ಮೊದಲು ಬರೆಯುವುದು ಯಾವ ಗಿಡ, ಅಲ್ಲಿ ಏನು ಮಾಡುತ್ತಿತ್ತು ಎಂದು. ಆಮೇಲೆ ಮೈ, ಮೀಸೆ. ಬಣ್ಣ ಕೊನೆಗೆ. ಫೋಟೋ ತೆಗೆದರೆ ರೆಕ್ಕೆಯ ಅಡಿಭಾಗದ್ದೂ ಒಂದು ಇರಲಿ. ಸಣ್ಣ ನೀಲಿ ಚಿಟ್ಟೆಗಳು ರೆಕ್ಕೆ ಮಡಚಿ ಕೂರುವುದೇ ಜಾಸ್ತಿ. ಅವುಗಳ ಗುರುತೆಲ್ಲ ಅಡಿಯ ಚುಕ್ಕಿಗಳಲ್ಲೇ ಇರುತ್ತದೆ.

11ನೇ ದಿನ ಬೆಳಿಗ್ಗೆ ಕೋಶ ಒಡೆದಿತ್ತು. ಮುದುಡಿದ ರೆಕ್ಕೆ ಇಳಿಬಿಟ್ಟು ಚಿಟ್ಟೆ ಅದಕ್ಕೇ ಜೋತುಬಿದ್ದಿತ್ತು. ರೆಕ್ಕೆ ಬಿಡಿಸಿಕೊಳ್ಳುವ ತನಕ ಅಲ್ಲೇ ಕೂತಿದ್ದೆ. ಕೆಂಪು ಚುಕ್ಕಿಯ ವೇಷ ಇರಲಿಲ್ಲ. ಕಪ್ಪು ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಒಂದು ಸಾಲು. ಗಂಡಿರಬೇಕು ಎಂದು ಬರೆದುಕೊಂಡೆ.