ಫ್ರೆಂಚಿನ ‘ಇಲ್ ಫೋ’ ಕಲಿಯಲು ನಮ್ಮ ‘ಬೇಕು’ ಸಾಕು

ಮೈಸೂರಿನಲ್ಲಿ ಸಂಜೆ ಹೊತ್ತು ಫ್ರೆಂಚ್ ಹೇಳಿಕೊಡುತ್ತೇನೆ. ‘ಇಲ್ ಫೋ’ ಪಾಠ ಬಂತೆಂದರೆ ಎಲ್ಲರೂ ಇಂಗ್ಲಿಷಿನ ‘ಮಸ್ಟ್’ ಹಿಡಿದುಕೊಂಡು ಒದ್ದಾಡುತ್ತಾರೆ. ಅದನ್ನು ಬಿಡಿ, ‘ಬೇಕು’ ಹಿಡಿಯಿರಿ ಅನ್ನುತ್ತೇನೆ.

ನನಗೆ ಬೇಕು, ನಿನಗೆ ಬೇಕು, ಅವರಿಗೆ ಬೇಕು. ಯಾರಿಗಾದರೂ ‘ಬೇಕು’ ಬದಲಾಗುವುದಿಲ್ಲ, ಅಲ್ವಾ? ‘ಫೋ’ ಕೂಡ ಹಾಗೇ. ಮೂಲ ಕ್ರಿಯಾಪದ ‘ಫಲ್ವಾರ್’. ಅದರ ಜೊತೆ ‘ಇಲ್’ ಮಾತ್ರ ಬರುತ್ತದೆ. ಈ ‘ಇಲ್’ ಇಲ್ಲಿ ‘ಅವನು’ ಅಲ್ಲ, ಸುಮ್ನೆ ಜಾಗ ತುಂಬಲು ಇದೆ. ಮಾತಿನಲ್ಲಿ ಫ್ರೆಂಚರು ಎಷ್ಟೋ ಸಲ ಅದನ್ನೂ ನುಂಗಿಬಿಡುತ್ತಾರೆ.

‘ಇಲ್ ಮ ಫೋ ದ್ಯು ಪ್ಯಾಂ’ ಅಂದರೆ ನನಗೆ ಬ್ರೆಡ್ ಬೇಕು. ‘ಮ’ ಅಂದರೆ ‘ನನಗೆ’. ಪ್ಯಾರಿಸಿನಿಂದ ಲಿಯೋಂಗೆ ಟಿಜಿವಿ ರೈಲಿನಲ್ಲಿ ಸುಮಾರು 2 ಗಂಟೆ ಬೇಕು, ಅದಕ್ಕೂ ‘ಇಲ್ ಫೋ’. ‘ಇಲ್ ಫೋ ಪಾರ್ತೀರ್’, ಹೊರಡಬೇಕು. ಯಾರು ಹೊರಡಬೇಕು? ಕನ್ನಡದ ಹಾಗೇ, ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಎಡವುವುದು ‘ಇಲ್ಲ’ ಸೇರಿಸುವಾಗ. ‘ಇಲ್ ನ ಫೋ ಪಾ ತುಶೆ’ ಅಂದರೆ ‘ಮುಟ್ಟಬೇಕಿಲ್ಲ’ ಅಲ್ಲ, ‘ಮುಟ್ಟಬಾರದು’! ‘ಬೇಕಿಲ್ಲ’ ಅನ್ನಲು ‘ಪಾ ಬಝ್ವಾಂ’ ಅನ್ನಿ. ಇದೊಂದನ್ನು ಬಾಯಿಪಾಠ ಮಾಡಲೇಬೇಕು.

ಭೂತಕಾಲದ ‘ಇಲ್ ಫಲೆ’ ನನಗೆ ತುಂಬಾ ಇಷ್ಟ. ‘ಇಲ್ ಫಲೆ ಮ ಲ ದೀರ್!’ ಅಂದರೆ ‘ನನಗೆ ಹೇಳಬೇಕಿತ್ತು!’ ಆ ಆಕ್ಷೇಪಣೆಯ ದನಿಯೂ ನಮ್ಮದೇ. ಯಾರ ಮನೆಗಾದರೂ ಹೂವೋ ಸಿಹಿಯೋ ತೆಗೆದುಕೊಂಡು ಹೋಗಿ, ‘ಇಲ್ ನ ಫಲೆ ಪಾ!’ ಅನ್ನುತ್ತಾರೆ. ಬೇಜಾರಾಯಿತು ಅಂದುಕೊಳ್ಳಬೇಡಿ. ‘ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ’ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದೇ ಮಾತು. ಭವಿಷ್ಯಕ್ಕೆ ‘ಇಲ್ ಫೊದ್ರಾ’, ಬೇಕಾಗುತ್ತದೆ.

ಇನ್ನು, ಯಾರು ಮಾಡಬೇಕು ಅಂತ ಬಿಡಿಸಿ ಹೇಳಬೇಕಾದರೆ ‘ಇಲ್ ಫೋ ಕ’ ಹಾಕಿ. ಆಗ ಸಬ್‌ಜಂಕ್ಟಿವ್ ಬರುತ್ತದೆ, ಅಂದರೆ ಆಗಬೇಕಾದದ್ದನ್ನೋ ಬಯಸಿದ್ದನ್ನೋ ಹೇಳುವಾಗ ಬಳಸುವ ಕ್ರಿಯಾಪದದ ರೂಪ. ಹೆದರಬೇಡಿ, ‘ಮಾಂಜೆ’ (ತಿನ್ನು) ತರಹದ ಸುಲಭದ ಕ್ರಿಯಾಪದಗಳಿಂದ ಶುರು ಮಾಡಿ. ‘ಇಲ್ ಫೋ ಕ ತ್ಯು ಮಾಂಜ್’, ನೀನು ತಿನ್ನಬೇಕು. ಇಲ್ಲಿ ‘ಮಾಂಜ್’ ವರ್ತಮಾನಕಾಲದಲ್ಲಿ ಇರುವ ಹಾಗೇ ಇದೆ. ‘ನೂ’ (ನಾವು), ‘ವೂ’ (ನೀವು) ಬಂದಾಗ ಮಾತ್ರ ಒಂದು ‘ಯ’ಕಾರ ಸೇರುತ್ತದೆ: ‘ಇಲ್ ಫೋ ಕ ವೂ ಮಾಂಜ್ಯೆ’, ನೀವು ತಿನ್ನಬೇಕು.