ಚಳಿಗಾಲದ ಚಾಕಿ ಕೋಣೆ: ಗಾಳಿ ಎಷ್ಟು ಬದಲಾಗುತ್ತಿದೆ, ಅಳೆಯುವುದು ಹೇಗೆ

ಡಿಸೆಂಬರ್ ಚಳಿ ಶುರುವಾದರೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆ ಹಲವರು ಚಾಕಿ ಕೋಣೆಯ (ಎಳೆಯ ರೇಷ್ಮೆ ಹುಳು ಸಾಕುವ ಕೋಣೆ) ಕಿಂಡಿಗಳಿಗೆ ಗೋಣಿಚೀಲ ತುರುಕುತ್ತಾರೆ. ಚಾಕಿ ಹುಳುವಿಗೆ 27 ಡಿಗ್ರಿ ಆಸುಪಾಸಿನ ಶಾಖ ಬೇಕು, ನಿಜ. ಆದರೆ ಕಿಂಡಿಯಿಂದ ಹೋಗುವ ಶಾಖ ನಾವು ಹೆದರುವಷ್ಟಿಲ್ಲ. ಅಳೆದು ನೋಡಬಹುದು: ಕೋಣೆಯಲ್ಲಿ ಸಿಒ2 (ಕಾರ್ಬನ್ ಡೈಆಕ್ಸೈಡು) ಹೆಚ್ಚಿಸಿ, ಅದು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿದರೆ ಗಾಳಿ ಎಷ್ಟು ಬದಲಾಗುತ್ತಿದೆ ಎಂದು ತಿಳಿಯುತ್ತದೆ.

ಬೇಕಾದದ್ದು ಎನ್‌ಡಿಐಆರ್ (ಇನ್ಫ್ರಾರೆಡ್ ಬೆಳಕಿನಿಂದ ಅಳೆಯುವ) ಸೆನ್ಸರಿನ ಸಿಒ2 ಮೀಟರು. ಅಗ್ಗದ ಮೀಟರುಗಳಲ್ಲಿ ಕೆಲವು ಬೇರೆ ಆವಿಗಳನ್ನು ಹಿಡಿದು ಸಿಒ2 ಅಂದಾಜು ಹೇಳುತ್ತವೆ, ಅವು ಬೇಡ. ಮೊದಲು ಬಯಲಿನಲ್ಲಿ 20 ನಿಮಿಷ ಇಡಿ. 400–450 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ತೋರಿಸಬೇಕು.

ಹುಳುವೂ ಸೊಪ್ಪೂ ಉಸಿರಾಡುವುದರಿಂದ ಕೋಣೆ ಖಾಲಿ ಇರಬೇಕು. ಹೊರಗೆ ಚಳಿಯಿರುವ ರಾತ್ರಿಯೇ ಅಳೆಯಿರಿ: ಒಳಗಿನ ಬಿಸಿಗಾಳಿ ಮೇಲಿನ ಕಿಂಡಿಯಿಂದ ಹೊರಟು, ತಣ್ಣನೆಯದು ಕೆಳಗಿನಿಂದ ನುಗ್ಗುವುದು ಆಗಲೇ. ಮಧ್ಯಾಹ್ನದ ಲೆಕ್ಕ ರಾತ್ರಿಗೆ ಹೊಂದುವುದಿಲ್ಲ. ಶಾಖಕ್ಕೆ ಕರೆಂಟಿನ ಹೀಟರು ಇಡಿ. ಇದ್ದಿಲು ಒಲೆ ತಾನೇ ಸಿಒ2 ಬಿಟ್ಟು ಅಳತೆ ಕೆಡಿಸುತ್ತದೆ. ಅದಿರಲಿ, ಮುಚ್ಚಿದ ಕೋಣೆಯಲ್ಲಿ ಅದರ ಕಾರ್ಬನ್ ಮಾನಾಕ್ಸೈಡು ಮನುಷ್ಯರನ್ನೇ ಕೊಲ್ಲುತ್ತದೆ, ವಾಸನೆಯೂ ಬರುವುದಿಲ್ಲ.

12×10×10 ಅಡಿ ಕೋಣೆಗೆ (34 ಘನ ಮೀಟರ್) ಸಿಒ2 ಹೊರಡಿಸಲು 200 ಗ್ರಾಂ ಅಡುಗೆ ಸೋಡಾ, 170 ಗ್ರಾಂ ಸಿಟ್ರಿಕ್ ಆಸಿಡ್ ಸಾಕು. ದೊಡ್ಡ ಬಕೆಟ್ಟಿನಲ್ಲಿ 3 ಲೀಟರ್ ನೀರಿಗೆ ಸೋಡಾ ಹಾಕಿ, ಆಸಿಡ್ಡನ್ನು ಚಮಚ ಚಮಚವಾಗಿ ಸುರಿಯಿರಿ. ಒಟ್ಟಿಗೆ ಸುರಿದರೆ ನೊರೆ ಉಕ್ಕುತ್ತದೆ. ಬಕೆಟ್ಟಿನ ಮೇಲೆ ಬಗ್ಗಬೇಡಿ. ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಓಡಿಸಿ, ಮೀಟರನ್ನು ಹುಳು ಸಾಕುವ ತಟ್ಟೆಯ ಎತ್ತರದಲ್ಲಿ ಇಟ್ಟು ಹೊರಗೆ ಬಂದುಬಿಡಿ. ಕಿಟಕಿ ಗಾಜಿನಿಂದಲೋ ಫೋನಿನಲ್ಲೋ ಓದಿ.

ಹತ್ತು ನಿಮಿಷ ಬಿಟ್ಟು ಲೆಕ್ಕ ಶುರು. ಹೊರಗೆ 420, ಒಳಗೆ 1720 ಎಂದುಕೊಳ್ಳಿ, ಹೆಚ್ಚುವರಿ 1300. ಅದು ಅರ್ಧವಾಗಿ ಮೀಟರು 1070ಕ್ಕೆ ಇಳಿಯಲು ಹಿಡಿದ ನಿಮಿಷಗಳಿಂದ 42ನ್ನು ಭಾಗಿಸಿ. 30 ನಿಮಿಷವಾದರೆ ಗಂಟೆಗೆ 1.4 ಸಲ ಗಾಳಿ ಬದಲಾಗಿದೆ. ನಡುವೆ ಯಾರಾದರೂ ಬಾಗಿಲು ತೆಗೆದರೆ ಆ ಅಳತೆ ಬಿಟ್ಟುಬಿಡಿ.

ಕೆನಡಾ, ಸ್ವೀಡನ್‌ನಂಥ ಕಡೆ ಬಾಗಿಲಿಗೆ ಫ್ಯಾನ್ ಕೂರಿಸಿ 50 ಪ್ಯಾಸ್ಕಲ್ ಒತ್ತಡದಲ್ಲಿ ಸೋರಿಕೆ ನೋಡುತ್ತಾರೆ. ಅದರಿಂದ ತಿಳಿಯುವುದು ಕಟ್ಟಡದ ಬಿಗಿ. ಇಂದು ರಾತ್ರಿ ಎಷ್ಟು ಗಾಳಿ ಬಂತು ಎಂಬುದಲ್ಲ.

ಈಗ ಶಾಖದ ಖರ್ಚು: 0.33 (ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ವ್ಯಾಟ್-ಗಂಟೆ) × 34 × 1.4 × ಒಳಹೊರಗಿನ 12 ಡಿಗ್ರಿ ವ್ಯತ್ಯಾಸ, ಅಂದರೆ ಸುಮಾರು 190 ವ್ಯಾಟ್. ಗೋಡೆ, ಸೂರಿನ ಶೀಟಿನಿಂದ ಹೋಗುವ ಶಾಖ ಬೇರೆ. ಗೋಣಿಚೀಲ ತುರುಕುವ ಬದಲು ಮೊದಲು ಶೀಟಿನ ಕೆಳಗೆ ಚಾವಣಿ ಕಟ್ಟುವುದು ಲೇಸು.

ಕಿಂಡಿ ತೆರೆದಿದ್ದರೂ ಅರ್ಧಕ್ಕಿಳಿಯಲು ಎರಡು ಗಂಟೆ ಹಿಡಿದರೆ ಊಜಿ ನೊಣ (ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಡುವ ನೊಣ) ಬರದಂತೆ ಕಿಂಡಿಗೆ ಕಟ್ಟಿದ ಬಲೆ ನೋಡಿ. ಧೂಳು ಕಟ್ಟಿ ರಂಧ್ರ ಮುಚ್ಚಿರುತ್ತದೆ. ಬ್ರಷ್ ಹಾಕಿ ತೊಳೆದು, ಒಣಗಿದ ಮೇಲೆ ಮತ್ತೆ ಅಳೆಯಿರಿ.