ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಇಚೆನ್ ನದಿ ದಂಡೆಯ ನಡಿಗೆ: ಹೋಗುವವರಿಗೆ ಸಲಹೆ

ಲಂಡನ್ ವಾಟರ್‌ಲೂನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಹೈ ಸ್ಟ್ರೀಟ್ ಹಿಡಿದು ಇಳಿಯಿರಿ. ಆಲ್ಫ್ರೆಡ್ ರಾಜನ ಪ್ರತಿಮೆ ದಾಟಿದರೆ ಸೇತುವೆ, ಪಕ್ಕದಲ್ಲೇ ಸಿಟಿ ಮಿಲ್ ಎಂಬ ಹಳೆಯ ನೀರಿನ ಗಿರಣಿ. ಅಲ್ಲಿಂದ ನೀರು ಹರಿಯುವ ದಿಕ್ಕಿನಲ್ಲೇ 'ದಿ ವೀರ್ಸ್' ದಾರಿ ಹಿಡಿದು ಸೇಂಟ್ ಕ್ರಾಸ್ ಎಂಬ ಹಳೆಯ ಧರ್ಮಶಾಲೆಯವರೆಗೆ ಹೋಗಬಹುದು, ಸುಮಾರು 2 ಕಿಮೀ. ದಾರಿಯಲ್ಲಿ ರೋಮನ್ ಕಾಲದ ಗೋಡೆಯ ತುಣುಕೊಂದು ಜಾಲರಿಯ ಹಿಂದೆ ಇದೆ, ಬೇಗ ನಡೆದರೆ ತಪ್ಪಿಹೋಗುತ್ತದೆ.

ಊರೊಳಗಿನ ದಾರಿ ಗಟ್ಟಿ. ಗಾರ್ನಿಯರ್ ರಸ್ತೆ ಸಮೀಪಿಸುವಾಗ ಹುಲ್ಲುಗಾವಲು ಶುರು, ಕೆಸರೂ ಶುರು. ಮಳೆ ನಿಂತು ವಾರವಾಯಿತು ಅಂತ ಫೆಬ್ರವರಿಯಲ್ಲಿ ಬಟ್ಟೆಯ ಶೂ ಹಾಕಿಕೊಂಡು ಹೋಗಬೇಡಿ. ಇದು ಸೀಮೆಸುಣ್ಣದ ಕಲ್ಲಿನ ಒಳಗಿಂದ ಒಸರಿ ಬರುವ ನದಿ. ಚಳಿಗಾಲದ ಮಳೆ ಅಂತರ್ಜಲವಾಗಿ ನಿಧಾನಕ್ಕೆ ಮೇಲೇಳುವುದರಿಂದ ಬಿಸಿಲಿದ್ದರೂ ನೆಲ ಜೌಗಾಗಿಯೇ ಇರುತ್ತದೆ. ಬುಗ್ಗೆಯಲ್ಲಿ ಉಕ್ಕುವ ನೀರು ವರ್ಷವಿಡೀ 10-11 ಡಿಗ್ರಿ ಆಸುಪಾಸು.

ಟ್ರೌಟ್ ಮೀನು ನೋಡಬೇಕೆ? ನೀರಿನ ಮೇಲಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಹಾಕಿ, ನಿಮ್ಮ ನೆರಳು ನೀರಿಗೆ ಬೀಳದಂತೆ ನಿಲ್ಲಿ. ಮೊದಲು ಕಾಣುವುದು ಜಲ್ಲಿಯ ಮೇಲೆ ಬಿದ್ದ ಮೀನಿನ ನೆರಳು. ಅದರ ಮೇಲೆ ಹರಿವಿಗೆ ಮುಖಮಾಡಿ, ಬಾಲವನ್ನಷ್ಟೇ ಅಲುಗಿಸುತ್ತ ಮೀನು ನಿಂತಿರುತ್ತದೆ. ಆ ಜಲ್ಲಿಯಲ್ಲೇ ಅದು ಚಳಿಗಾಲದಲ್ಲಿ ಮೊಟ್ಟೆ ಇಡುವುದು, ದಯವಿಟ್ಟು ನೀರಿಗಿಳಿದು ತುಳಿಯಬೇಡಿ. ಚಿಗಟದ ಔಷಧ ಹಚ್ಚಿದ ನಾಯಿಯನ್ನೂ ಇಳಿಸಬೇಡಿ, ಆ ಔಷಧದ ವಿಷ ಮೀನಿಗೆ ಆಹಾರವಾಗುವ ಹುಳುಗಳನ್ನೇ ಕೊಲ್ಲುತ್ತದೆ.

ಸೇಂಟ್ ಕ್ರಾಸ್‌ನ ಬಾಗಿಲಲ್ಲಿ ಕೇಳಿದರೆ ದಾರಿಹೋಕರಿಗೆ ಬ್ರೆಡ್ಡಿನ ಚೂರು, ಚಿಕ್ಕ ಲೋಟದಲ್ಲಿ ಪಾನೀಯ ಕೊಡುವ ಹಳೆಯ ಪದ್ಧತಿ ಇದೆ. ಅದು ಬಿಯರ್, ಕುಡಿಯದವರು ಮೊದಲೇ ಹೇಳಿ.